ಪಟ್ಟಿಯಲ್ಲಿದ್ದ ಕೈವಾರ

ನನಗೆ ಕಾಲು ಎರಡು. ಒಂದರ ತುದಿಯಲ್ಲಿ ಸೂಜಿಯಂಥ ಮುಳ್ಳು, ಇನ್ನೊಂದರ ತುದಿಯಲ್ಲಿ ಸಣ್ಣ ಬಳೆ. ಆ ಬಳೆಯೊಳಗೆ ಪೆನ್ಸಿಲಿನ ತುಂಡು ಸಿಕ್ಕಿಸುತ್ತಾರೆ. ಮುಳ್ಳಿನ ಕಾಲು ಒಂದೆಡೆ ನಿಂತರೆ ಪೆನ್ಸಿಲಿನ ಕಾಲು ಅದರ ಸುತ್ತ ತಿರುಗಿ ಬರುತ್ತದೆ. ಕಾಗದದ ಮೇಲೆ ವೃತ್ತ ಮೂಡುತ್ತದೆ. ನನ್ನ ಕೆಲಸ ಇಷ್ಟೇ. ಅಂಗಡಿಯವರೂ ಮಕ್ಕಳೂ ನನ್ನನ್ನು ಕಂಪಾಸು ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಮಾತ್ರ ನನ್ನ ಹೆಸರು ಕೈವಾರ. ಚಿಂತಾಮಣಿಯ ಹತ್ತಿರ ಇದೇ ಹೆಸರಿನ ಒಂದು ಊರಿದೆ, ಅಲ್ಲಿ ಅಮರನಾರೇಯಣಸ್ವಾಮಿಯ ಗುಡಿ ಇದೆ. ಆ ಊರಿನ ದೇವರಿಗೂ ನನಗೂ ಊರ ಹೆಸರಲ್ಲದೆ ಬೇರೆ ನಂಟಿರಲಿಲ್ಲ. ಒಬ್ಬ ಮುದುಕಿ ತಪ್ಪಾಗಿ ಅರ್ಥಮಾಡಿಕೊಂಡಳು, ಅದರಿಂದ ನಂಟಾಯಿತು.

ನಾನು ಹುಟ್ಟಿದ್ದು ದೂರದ ಪಟ್ಟಣವೊಂದರ ಸಣ್ಣ ಕಾರ್ಖಾನೆಯಲ್ಲಿ. ತಗಡಿನ ಮಾಡು, ಎಣ್ಣೆಯ ವಾಸನೆ, ಮಾತು ಕೇಳಿಸದಷ್ಟು ಸದ್ದು. ಒಂದು ಯಂತ್ರ ನನ್ನ ಕಾಲುಗಳನ್ನು ಕತ್ತರಿಸಿತು, ಇನ್ನೊಂದು ಬಗ್ಗಿಸಿತು. ಆದರೆ ಎರಡು ಕಾಲುಗಳನ್ನು ಕೂಡಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟಿರಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡ ಒಬ್ಬ ಹೆಂಗಸು ಅದನ್ನು ಮಾಡುತ್ತಿದ್ದಳು. ತಿರುಪು ಕೂಡಿಸಿ, ನನ್ನನ್ನು ತೆರೆದು ಮುಚ್ಚಿ ನೋಡಿ, ಮತ್ತೆ ಅರ್ಧ ಸುತ್ತು ಬಿಗಿ ಮಾಡಿದಳು. ತೀರ ಬಿಗಿಯಾದರೆ ತಿರುಗುವುದಿಲ್ಲ, ಸಡಿಲವಾದರೆ ನಿಲ್ಲುವುದಿಲ್ಲ. ನಡುವಿನ ಆ ಅಳತೆ ಅವಳ ಬೆರಳಿಗೆ ಗೊತ್ತಿತ್ತು. ಅವಳ ಮುಖವನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಅವಳು ಹಾಕಿದ ತಿರುಪಿನ ಮೇಲೆ ಇಷ್ಟು ಕಾಲ ಬದುಕಿದ್ದೇನೆ.

ಅಲ್ಲಿಂದ ನನ್ನನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಜೊತೆಗೆ ಅರ್ಧಚಂದ್ರದಂಥ ಕೋನಮಾಪಕ, ಎರಡು ಮೂಲೆಮಟ್ಟ, ಒಂದು ಗಿಡ್ಡ ಅಳತೆಪಟ್ಟಿ, ಒಂದು ರಬ್ಬರು. ಲಾರಿ, ಬಸ್ಸು, ಎತ್ತಿನ ಗಾಡಿ ಎಲ್ಲವನ್ನೂ ಹತ್ತಿ ಇಳಿದು ನಾವು ಸೇರಿದ್ದು ಕೈವಾರದ ಗುಡಿ ಬೀದಿಯ ಒಂದು ಅಂಗಡಿಗೆ. ಅಂಗಡಿ ನಂಜುಂಡಶೆಟ್ಟರದು. ಮುಂದೆ ಅರಿಶಿನ, ಕುಂಕುಮ, ಕರ್ಪೂರ, ಬಳೆ, ದೇವರ ಪಟ. ಹಿಂದಿನ ಗೋಡೆಗೆ ಒಂದೇ ಒಂದು ಹಲಗೆ ಶಾಲೆಯ ಸಾಮಾನಿಗೆ. ಗುಡಿಗೆ ಬಂದವರು ಯಾರು ಕಂಪಾಸು ಕೇಳುತ್ತಾರೆ? ಒಂದೂವರೆ ವರ್ಷ ನಾನು ಆ ಹಲಗೆಯ ಮೇಲಿದ್ದೆ. ಪೆಟ್ಟಿಗೆಯ ಮುಚ್ಚಳದ ನೀಲಿ ಬಣ್ಣ ಬಿಸಿಲಿಗೆ ಬೆಳ್ಳಗಾಯಿತು. ಗಂಟೆಯ ಸದ್ದು ಕೇಳುತ್ತಿದ್ದೆ, ದೇವರನ್ನು ನೋಡಿರಲಿಲ್ಲ.

ಮುಂದಿನದನ್ನು ಹೇಳುವ ಮೊದಲು ಪಿಳ್ಳಮ್ಮನ ಮನೆಯ ಮಾತು ಹೇಳಬೇಕು. ಆಗ ನಾನು ಅಲ್ಲಿರಲಿಲ್ಲ. ಮುಂದೆ ಬಹಳ ವರ್ಷ ಅವಳು ದೀಪ ಹಚ್ಚುವ ಹೊತ್ತಿನಲ್ಲಿ ತಾನಾಗಿ ಹೇಳಿಕೊಳ್ಳುತ್ತಿದ್ದಳು, ಕೇಳಿ ತಿಳಿದುಕೊಂಡೆ.

ಪಿಳ್ಳಮ್ಮನಿಗೆ ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ಕೈವಾರದ ಅಮರನಾರೇಯಣನಿಗೆ ಹರಕೆ ಹೊತ್ತಳು. ಹೆಣ್ಣುಮಗು ಹುಟ್ಟಿತು. ದೇವರ ಹೆಸರನ್ನೇ ಇಟ್ಟು ಅಮರಮ್ಮ ಎಂದು ಕರೆದಳು. ಆಮೇಲೆ ಒಬ್ಬ ಮಗ, ರವಣಪ್ಪ. ಅಮರಮ್ಮ ಗಂಡನನ್ನು ಕಳೆದುಕೊಂಡು, ತನ್ನ ಒಬ್ಬಳೇ ಮಗಳು ನಾಗವೇಣಿಯನ್ನು ಕಟ್ಟಿಕೊಂಡು ತವರಿಗೆ ಬಂದಳು. ತಮ್ಮನ ಮನೆಯಲ್ಲಿ ರೇಷ್ಮೆಹುಳು ಸಾಕುವ ಕೆಲಸವನ್ನೆಲ್ಲ ತಾನೇ ಹೊತ್ತಳು. ಪಿಳ್ಳಮ್ಮ ಪ್ರತಿ ಹುಣ್ಣಿಮೆಗೂ ಕೈವಾರಕ್ಕೆ ಹೋಗಿ ಬರುವುದನ್ನು ತಪ್ಪಿಸಿರಲಿಲ್ಲ.

ಹೀಗಿರಲು ಒಂದು ಆಶ್ವಯುಜದಲ್ಲಿ ಅಮರಮ್ಮನಿಗೆ ಜ್ವರ ಬಂತು. ಒಂಬತ್ತನೆಯ ದಿನ ಹೋಗಿಬಿಟ್ಟಳು. ಮೂವತ್ತೆರಡು ವರ್ಷ.

ಪಿಳ್ಳಮ್ಮ ಅಳಲಿಲ್ಲ. ಹನ್ನೊಂದನೆಯ ದಿನದ ಕರ್ಮ ಮುಗಿದ ಮೇಲೆ ದೇವರ ಗೂಡಿನ ಮುಂದೆ ನಿಂತು, "ಅಮರ ಅಂತ ನಿನ್ನ ಹೆಸರೇ ಇಟ್ಟಿದ್ನಲ್ಲಪ್ಪ" ಎಂದಳು. ಅಷ್ಟೇ. ಆವತ್ತಿನಿಂದ ದೀಪ ಹಚ್ಚಲಿಲ್ಲ. ಕೈವಾರದ ಹೆಸರೆತ್ತಲಿಲ್ಲ, ಮಗಳ ಹೆಸರನ್ನೂ ಎತ್ತಲಿಲ್ಲ. ನಡುಮನೆಯ ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೆ ಎದ್ದರೆ ಎದ್ದಳು, ಇಲ್ಲವಾದರೆ ಇಲ್ಲ. ಮನೆಯಲ್ಲಿ ಯಾವ ಮಾತು ಕೇಳಿದರೂ ಹೂಂ ಇಲ್ಲ, ಉಹೂಂ ಇಲ್ಲ. ಹೀಗೆ ಎಂಟು ತಿಂಗಳು.

ಆ ಎಂಟು ತಿಂಗಳಲ್ಲಿ ನಾಗವೇಣಿ ಏಳನೆಯ ತರಗತಿ ಪಾಸಾದಳು. ಹೈಸ್ಕೂಲು ಇರುವುದು ಎರಡು ಮೈಲಿ ದೂರದ ಹೋಬಳಿ ಊರಿನಲ್ಲಿ. ಅವಳು ತಾನೇ ಹೋಗಿ ಅರ್ಜಿ ಕೊಟ್ಟು, ಬೇಕಾದ ಸಾಮಾನಿನ ಪಟ್ಟಿಯನ್ನು ತಂದಿದ್ದಳು. ಸೋದರಮಾವ ರವಣಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. ಅವನು ಕೆಟ್ಟವನಲ್ಲ. ಅಕ್ಕ ಹೋದ ಮೇಲೆ ಹುಳದ ಮನೆಯಲ್ಲಿ ಕೈ ಸಾಲದೆ ಒದ್ದಾಡುತ್ತಿದ್ದ, ಅಷ್ಟೇ.

"ಓದಿದ್ದು ಸಾಕಲ್ವೇನಮ್ಮ ನಾಗೂ? ಏಳು ಅಂದ್ರೆ ಕಡಿಮೆ ಅಲ್ಲ. ನಾನು ನಾಲ್ಕಕ್ಕೆ ಬಿಟ್ಟೋನು."

"ಅವ್ವ ಹೇಳ್ಲಿ ಮಾವ," ಎಂದಳು ಹುಡುಗಿ. ಆ ಕಡೆ ಅಜ್ಜಿಯನ್ನು ಅವ್ವ ಎನ್ನುವುದು ರೂಢಿ. "ಅವ್ವ ಬೇಡ ಅಂದ್ರೆ ಹೋಗಲ್ಲ. ಹೋಗು ಅಂದ್ರೆ ಹೋಗ್ತೀನಿ."

"ಅವ್ವ ಬಾಯಿ ಬಿಟ್ರೆ ತಾನೆ!"

ರವಣಪ್ಪ ಹಾಗೆಂದು, ಎಷ್ಟು ತಾಪತ್ರಯ ಎಂದು ತೋರಿಸುವುದಕ್ಕಾಗಿ ಪಟ್ಟಿಯನ್ನು ಗಟ್ಟಿಯಾಗಿ ಓದಿದ. ಇನ್ನೂರು ಪುಟದ ನೋಟು ಆರು. ನಕ್ಷೆ ಪುಸ್ತಕ ಒಂದು. ಶಾಯಿ ಪೆನ್ನು. ಕೈವಾರ.

ಗೋಡೆಯ ಕಡೆಯಿಂದ ಧ್ವನಿ ಬಂತು. "ಏನಂದೆ?"

ರವಣಪ್ಪ ಬೆಚ್ಚಿಬಿದ್ದ. "ಏನಿಲ್ಲಮ್ಮ. ಇಸ್ಕೂಲಿನ ಪಟ್ಟಿ."

"ಕೈವಾರ ಅಂದ್ಯಲ್ಲ."

"ಹೂಂ. ಹಂಗೇ ಬರೆದವ್ರೆ."

"ಯಾರು ಬರೆದೋರು?"

"ಹೆಡ್ ಮೇಷ್ಟ್ರು. ಸೀಲು ಒತ್ತವ್ರೆ." ಅವನು ಮತ್ತೊಮ್ಮೆ ಪಟ್ಟಿ ನೋಡಿದ. ಅವನಿಗೂ ಅದರ ಅರ್ಥ ಗೊತ್ತಿರಲಿಲ್ಲ. "ಹೈಸ್ಕೂಲು ಸೇರೋಕೆ ಮುಂಚೆ ಕೈವಾರಕ್ಕೆ ಹೋಗಿ ಬರ್ಬೇಕು ಅಂತ ಕಾಣುತ್ತೆ."

ಪಿಳ್ಳಮ್ಮ ಎದ್ದು ಕುಳಿತಳು. ಗೋಡೆಗೆ ಕೈ ಊರಿ ನಿಂತಳು. ಬಂದು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಸೀಲಿನ ಮೇಲೆ ಬೆರಳಾಡಿಸಿದಳು. ಅಕ್ಷರ ಅರಿಯದವಳು. ಮೇಷ್ಟ್ರು ಬರೆದು ಸೀಲು ಒತ್ತಿದ ಮಾತೆಂದರೆ ಅವಳ ಪಾಲಿಗೆ ಮೀರುವಂಥದ್ದಲ್ಲ. ತಾನು ಮುಖ ತಿರುಗಿಸಿಕೊಂಡಿದ್ದ ದೇವರು ಶಾಲೆಯವರ ಕೈಯಲ್ಲಿ ಬರೆಸಿ ಕಳಿಸಿದ್ದಾನೆಂದು ಅವಳಿಗೆ ಅನ್ನಿಸಿತಂತೆ.

"ಶನಿವಾರ ಹೋಗಾನ," ಎಂದಳು.

ನಾಗವೇಣಿಗೆ ಕೈವಾರವೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಏಳನೆಯ ತರಗತಿಯಲ್ಲಿ ಮೇಷ್ಟ್ರು ಮರದ ದೊಡ್ಡ ಕೈವಾರ ಹಿಡಿದು ಕರಿಹಲಗೆಯ ಮೇಲೆ ವೃತ್ತ ಎಳೆದದ್ದನ್ನು ನೋಡಿದ್ದಳು. ಹೇಳಲೆಂದು ಬಾಯಿ ತೆರೆದಳು. ಅಜ್ಜಿ ನಿಂತಿರುವುದನ್ನು ನೋಡಿ ಬಾಯಿ ಮುಚ್ಚಿಕೊಂಡಳು.

ಶನಿವಾರ ಬಸ್ಸಿಳಿದು ಇಬ್ಬರೂ ಗುಡಿ ಬೀದಿಗೆ ಬಂದರು. ಗೋಪುರ ಕಣ್ಣಿಗೆ ಬಿದ್ದದ್ದೇ ತಡ, ಪಿಳ್ಳಮ್ಮನ ಕಾಲು ಮುಂದಕ್ಕೆ ಬರಲಿಲ್ಲ. "ಮಂಡಿ ನೋಯ್ತೈತೆ," ಎಂದು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ, ಗೋಪುರಕ್ಕೆ ಬೆನ್ನು ಹಾಕಿ ಕುಳಿತುಬಿಟ್ಟಳು. ನಾನು ಅವಳನ್ನು ಮೊದಲು ನೋಡಿದ್ದು ಹೀಗೆ: ಬೆನ್ನು, ಸಡಿಲವಾದ ಬಿಳಿಗೂದಲಿನ ಗಂಟು, ಎಣ್ಣೆ ಕಾಣದ ತಲೆ.

 ನಾಗವೇಣಿ ಪಟ್ಟಿ ತೆಗೆದು, "ನೋಟ್ ಪುಸ್ತಕ ಅವೆಯಾ ಶೆಟ್ರೇ?" ಎಂದಳು.

ಶೆಟ್ಟರು ಆರು ಪುಸ್ತಕ ಇಳಿಸಿ ಧೂಳು ಕೊಡವಿದರು. ಹುಡುಗಿ ಒಂದೊಂದನ್ನೂ ಬಿಡಿಸಿ ಕಾಗದವನ್ನು ಬೆಳಕಿಗೆ ಹಿಡಿದಳು. ಶಾಯಿ ಹರಡುವ ಕಾಗದ ಬೇಡವೆಂದು ಎರಡನ್ನು ಬದಲಾಯಿಸಿದಳು. ಹೊಲಿಗೆ ಬಿಟ್ಟ ಒಂದನ್ನು ಪಕ್ಕಕ್ಕಿಟ್ಟಳು. ಪೆನ್ನಿನ ಮೊನೆಯನ್ನು ಉಗುರಿನ ಮೇಲೆ ಗೀಚಿ ನೋಡಿದಳು. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಆರಿಸುತ್ತಿದ್ದವಳ ಹಾಗೆ ಇತ್ತು ಅವಳ ಕೈ.

ಕೊನೆಗೆ ಧ್ವನಿ ತಗ್ಗಿಸಿ, "ಕೈವಾರ ಐತಾ ಶೆಟ್ರೇ?" ಎಂದಳು.

ಶೆಟ್ಟರು ದೊಡ್ಡ ಬಾಯಿಯವರು. "ಏನಮ್ಮಾ ಇದು! ಕೈವಾರದಲ್ಲೇ ನಿಂತ್ಕೊಂಡು ಕೈವಾರ ಐತಾ ಅಂತ ಕೇಳ್ತೀಯಲ್ಲ! ಇಳಿಸಿ ಕೊಡೋಣ ಅಂದ್ರೆ ಗೋಪುರ ಕೈಗೆಟಕಲ್ಲ!"

ನಕ್ಕು, ನಾನಿದ್ದ ಪೆಟ್ಟಿಗೆಯನ್ನೂ, ಹೊಸದಾಗಿ ಬಂದ ಕೆಂಪು ಪೆಟ್ಟಿಗೆಯೊಂದನ್ನೂ ಇಳಿಸಿ ತೆರೆದಿಟ್ಟರು. ಕೆಂಪು ಪೆಟ್ಟಿಗೆಯ ಮೇಲೆ ನವಿಲಿನ ಚಿತ್ರವಿತ್ತು. ನಾಗವೇಣಿ ಅದನ್ನು ಆಸೆಯಿಂದ ನೋಡಿದಳು. ಆದರೆ ಮೊದಲು ಒಳಗಿನದನ್ನು ತೆಗೆದು ಕಾಲು ಬಿಡಿಸಿದಳು. ಅದು ಜೋಲಿ ಹೊಡೆಯಿತು. ಆಮೇಲೆ ನನ್ನನ್ನು ತೆಗೆದಳು. ಪಟ್ಟಿಯ ಹಿಂಬದಿಯಲ್ಲಿ ಮುಳ್ಳು ಊರಿ, ಪೆನ್ಸಿಲ್ ಸಿಕ್ಕಿಸಿ, ಒಂದು ಸುತ್ತು ತಿರುಗಿಸಿದಳು. ನನ್ನ ಬದುಕಿನ ಮೊದಲ ವೃತ್ತ ಅದು. ಶುರುವಾದಲ್ಲಿಗೇ ಬಂದು ಸೇರಿತು.

"ಇದೇ ಇರ್ಲಿ," ಎಂದಳು.

ತಲೆಯೆತ್ತಿದಾಗ ಅಜ್ಜಿ ಹಿಂದೆ ನಿಂತಿದ್ದಳು.

"ಏನದು?"

 ಶೆಟ್ಟರೇ ಉತ್ತರ ಕೊಟ್ಟರು. "ಇದೇ ಅಜ್ಜಿ ಕೈವಾರ ಅಂದ್ರೆ. ಗುಂಡಗೆ ಗೆರೆ ಎಳೆಯೋದು. ಪಟ್ಟೀಲಿ ಐತಲ್ಲ. ನೀನು ಊರು ಅನ್ಕೊಂಡ್ಯಾ? ಹಂಗಾದ್ರೆ ಕೆಳಗೆ ಮೂಲೆಮಟ್ಟ ಅಂತ ಬರೆದವ್ರೆ, ಅದ್ಯಾವ ಊರು? ಬಸ್ಸು ಎಲ್ಲಿ ಹತ್ತಬೇಕು?"

"ನಿನ್ನ ಕುಂಕುಮಕ್ಕೆ ಬೆರೆಸೋ ಇಟ್ಟಿಗೆ ಪುಡಿ ಎಲ್ಲಿಂದ ಬತ್ತೈತೋ ಆ ಊರಿನ ಬಸ್ಸು ಹತ್ತು, ಸಿಗುತ್ತೆ," ಎಂದಳು ಪಿಳ್ಳಮ್ಮ. 

ಅವಳು ನನ್ನನ್ನು ಕೈಗೆ ತೆಗೆದುಕೊಂಡಳು. ಒರಟು ಕೈ, ಬೆರಳ ತುದಿ ಸೊಪ್ಪು ಕೊಯ್ದು ಕೊಯ್ದು ಬಿರಿದಿತ್ತು. ಒಂದು ಕಾಲು ಮುಟ್ಟಿದಳು, ಇನ್ನೊಂದು ಮುಟ್ಟಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತವ್ವ."

"ಮನೇಲೇ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

ನಾಗವೇಣಿ ನೆಲ ನೋಡಿಕೊಂಡು ಹೇಳಿದಳು: "ನೀನು ಎದ್ದು ನಿಂತ್ಕೊಂಡೆ. ಅದಕ್ಕೆ."

ಆಗ ನನಗೆ ಭಯವಾಯಿತು. ಈ ಮುದುಕಿ ನನ್ನನ್ನು ಹಲಗೆಗೆ ಹಿಂತಿರುಗಿಸಿ, ಮೊಮ್ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರೆ ಆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು.  ಗುಡಿಯಲ್ಲಿ ಗಂಟೆಯಾಯಿತು. ಪಿಳ್ಳಮ್ಮ ನನ್ನನ್ನು ಪೆಟ್ಟಿಗೆಯಲ್ಲಿಟ್ಟು, ಶೆಟ್ಟರಿಗೆ ದುಡ್ಡು ಕೊಟ್ಟು, ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗೋಪುರದ ಕಡೆ ತಿರುಗಿದಳು. "ಬಾ," ಎಂದಳು.

ದೇವರ ಮುಂದೆ ಅವಳು ಕೈ ಮುಗಿಯಲಿಲ್ಲ. ಪೆಟ್ಟಿಗೆಯನ್ನು ಅರ್ಚಕರ ತಟ್ಟೆಯಲ್ಲಿಟ್ಟಳು. ಅರ್ಚಕರು ಎಲ್ಲರನ್ನೂ ಕೇಳುವ ಹಾಗೆ, "ಯಾರ ಹೆಸರಲ್ಲಿ ಅರ್ಚನೆ? ನಕ್ಷತ್ರ ಹೇಳಿ," ಎಂದರು.

"ಅಮರಮ್ಮ," ಎಂದಳು ಪಿಳ್ಳಮ್ಮ.

ಮೂವತ್ತು ವರ್ಷ ಆ ಜಾಗದಲ್ಲಿ ನಿಂತು ಹೇಳಿದ ಹೆಸರು. ಬಾಯಿ ತಾನೇ ಹೇಳಿಬಿಟ್ಟಿತು. ಅರ್ಚಕರು ಮಂತ್ರ ಶುರುಮಾಡಿದರು. ನಾಗವೇಣಿ ಅಜ್ಜಿಯ ಸೆರಗನ್ನು ಹಿಡಿದುಕೊಂಡಳು. ಪಿಳ್ಳಮ್ಮ ಗರ್ಭಗುಡಿಯ ದೀಪವನ್ನೇ ನೋಡುತ್ತಿದ್ದಳು. ಎಂಟು ತಿಂಗಳು ಇಂಗಿಹೋಗಿದ್ದ ನೀರು ಈಗ ಕೆನ್ನೆಯ ಮೇಲೆ ಇಳಿಯಿತು.

"ಅಲ್ಲ ಸ್ವಾಮಿ," ಎಂದಳು. "ತಪ್ಪು ಹೇಳ್ದೆ. ಅವಳು ಇಲ್ಲ. ಅವಳ ಮಗಳು ನಾಗವೇಣಿ, ರೋಹಿಣಿ ನಕ್ಷತ್ರ. ಹೈಸ್ಕೂಲು ಸೇರ್ತಾ ಅವಳೆ. ಅವಳ ಹೆಸರಲ್ಲಿ ಮಾಡಿ."

ಅರ್ಚಕರು ಮತ್ತೆ ಮೊದಲಿನಿಂದ ಮಾಡಿದರು. ಮುಚ್ಚಳದ ಮೇಲೆ ಕುಂಕುಮ ಇಟ್ಟರು. ಪಿಳ್ಳಮ್ಮ ಆಗ ಕೈ ಮುಗಿದಳು.

ಒಂದು ಪದಕ್ಕೆ ಎರಡು ಅರ್ಥವಿದ್ದುದರಿಂದ ಇಷ್ಟಾಯಿತು. ನಾನು ಇಷ್ಟು ವರ್ಷ ಎಳೆದ ವೃತ್ತಗಳೆಲ್ಲವನ್ನೂ ಒಟ್ಟಿಗಿಟ್ಟರೂ ನನ್ನ ಹೆಸರು ಅಂದು ಮಾಡಿದಷ್ಟು ಕೆಲಸವಾಗಲಾರದು. ಹೆಡ್ ಮೇಷ್ಟ್ರು ಪಟ್ಟಿಯಲ್ಲಿ ಕಂಪಾಸು ಎಂದು ಬರೆದಿದ್ದರೆ ಏನಾಗುತ್ತಿತ್ತೋ. ಇದನ್ನು ದೇವರ ಕೆಲಸ ಎನ್ನುವವರು ಎನ್ನಲಿ. ತಗಡಿನ ಜೀವ ನಾನು, ಅಲ್ಲವೆನ್ನುವ ಧೈರ್ಯ ನನಗಿಲ್ಲ.

ಮನೆಗೆ ಬಂದ ಮೇಲೆ ರವಣಪ್ಪ ತಾಯಿಯನ್ನು ಕೇಳಿದ: "ಅಲ್ಲಮ್ಮ, ಇವಳು ಇಸ್ಕೂಲಿಗೆ ಹೋದ್ರೆ ಹುಳಕ್ಕೆ ಸೊಪ್ಪು ಹಾಕೋರ್ಯಾರು?"

"ನಾನು ಹಾಕ್ತೀನಿ."

"ನಿಂಗೆ ಕಣ್ಣು ಮಂಜು. ಕಾಣ್ಸಲ್ಲ."

"ಹುಳಕ್ಕೆ ಕಾಣ್ಸುತ್ತಲ್ಲ, ತಿಂದ್ಕೊತವೆ."

ಅವನು ಗೊಣಗಿಕೊಂಡು ಹೋದ. ತಾಯಿ ಮಾತಾಡಿದಳು ಎಂಬ ಸಮಾಧಾನ ಆ ಗೊಣಗಿನಲ್ಲೂ ಇತ್ತು.

ಮೂರು ವರ್ಷ ನಾನು ನಾಗವೇಣಿಯ ಚೀಲದಲ್ಲಿ ನಡೆದೆ. ಪೆಟ್ಟಿಗೆಯ ಒಳಮುಚ್ಚಳಕ್ಕೆ ಅವಳು ವೇಳಾಪಟ್ಟಿ ಅಂಟಿಸಿದಳು. ಕುಂಕುಮದ ಕಲೆಯನ್ನು ತೊಳೆಯಲಿಲ್ಲ. ಗೆಳತಿಯರು ನನ್ನನ್ನು ಎರವಲು ಪಡೆದು ಮುಳ್ಳಿನಿಂದ ಬೆಂಚಿನ ಮೇಲೆ ಹೆಸರು ಕೆತ್ತಿದರು. ಆ ಪಾಪದಲ್ಲಿ ನನಗೂ ಪಾಲಿದೆ. ಬೆಳಿಗ್ಗೆ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿ ಬರುತ್ತಿದ್ದುದರಿಂದ ಅವಳ ಬೆರಳು ಹಸಿರಾಗಿರುತ್ತಿತ್ತು. ನನ್ನ ಹೊಳಪಿನ ಮೇಲೂ ಆ ಹಸಿರು ಹತ್ತಿತು. ಗಣಿತದ ಮೇಷ್ಟ್ರು ಒಮ್ಮೆ ಅವಳ ಪುಸ್ತಕ ಎತ್ತಿ ಹಿಡಿದು, "ವೃತ್ತ ಅಂದ್ರೆ ಇದು ಕಣ್ರೋ. ನಿಮ್ಮವು ಗೆಣಸು," ಎಂದಿದ್ದರು.

ಹತ್ತನೆಯ ತರಗತಿಯ ಪರೀಕ್ಷೆ ಬಂತು. ಅಂದು ಗಣಿತ. ರವಣಪ್ಪನ ಹೆಂಡತಿ ಬಾಣಂತಿ. ಮಗಳು ಗಾಯತ್ರಿ ಹುಟ್ಟಿ ಇನ್ನೂ ಹದಿನೈದು ದಿನ. ನಾಗವೇಣಿ ತಲೆ ಬಾಚಿಕೊಂಡು, ನನ್ನನ್ನೂ ಪ್ರವೇಶಪತ್ರವನ್ನೂ ಕೈಯಲ್ಲಿ ಹಿಡಿದು ಹೊಸಿಲಿಗೆ ಬಂದಾಗ ರವಣಪ್ಪ ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದ. ಮುಖ ಬಿಳುಚಿಕೊಂಡಿತ್ತು.

"ನಾಗೂ," ಎಂದ. "ಹುಳ ಹಣ್ಣಾಗ್ಬಿಟ್ಟೈತೆ. ಅಷ್ಟೂ ಒಟ್ಟಿಗೆ."

ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ಕಾಯುವುದಿಲ್ಲ. ಅದನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಯೆಂಬ ಬಿದಿರಿನ ಚಾಪೆಯ ಮೇಲೆ ಬಿಡಬೇಕು, ಅಲ್ಲಿ ಗೂಡು ಕಟ್ಟುತ್ತದೆ. ಹೊತ್ತು ಮೀರಿದರೆ ಸೊಪ್ಪಿನ ಕಸದಲ್ಲೇ ನೂಲು ಸುರಿದು ಎಲ್ಲ ಹಾಳು. ಒಂದು ತಿಂಗಳ ಅನ್ನ ಅದು. ರವಣಪ್ಪ ಹೋಗಬೇಡ ಎನ್ನಲಿಲ್ಲ.  ಅವನು ಗದರಿದ್ದರೆ ನಾಗವೇಣಿ ಹೊರಟುಬಿಡುತ್ತಿದ್ದಳೋ ಏನೋ. ಅವಳು ಪೆಟ್ಟಿಗೆಯನ್ನು ಕಿಟಕಿಯ ಮೇಲೆ ಇಟ್ಟು ಸೆರಗು ಸಿಕ್ಕಿಸಿದಳು.

ಪಿಳ್ಳಮ್ಮ ಒಳಗಿನಿಂದ ತಡವರಿಸಿಕೊಂಡು ಬಂದಳು. ಅಷ್ಟರಲ್ಲಿ ಅವಳಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಿಟಕಿಯ ಮೇಲೆ ಕೈಯಾಡಿಸಿ ಪೆಟ್ಟಿಗೆಯನ್ನು ಹಿಡಿದಳು.

"ಇದ್ಯಾಕೆ ಇಲ್ಲೈತೆ?"

"ಹುಳ ಹಣ್ಣಾಗೈತವ್ವ."

"ಆಗ್ಲಿ. ನಾನಿಲ್ವಾ?"

"ಅಮ್ಮಾ, ನಿಂಗೆ ಹಣ್ಣು ಯಾವ್ದು ಕಾಯಿ ಯಾವ್ದು ಹೆಂಗೆ ಗೊತ್ತಾಗುತ್ತೆ?" ಎಂದ ರವಣಪ್ಪ.

"ಕೈಗೆ ಗೊತ್ತಾಗುತ್ತೆ ಕಣೋ. ಕಾಯಿ ಹುಳ ಗಟ್ಟಿ. ಹಣ್ಣಾಗಿದ್ದು ಮೆತ್ತಗಿರುತ್ತೆ, ತಲೆ ಎತ್ಕೊಂಡು ಜಾಗ ಹುಡುಕ್ತಿರುತ್ತೆ. ನಿಮ್ಮಕ್ಕನಿಗೆ ಕಲಿಸಿದ್ದು ಯಾರು ಅನ್ಕೊಂಡೆ?" ಆಮೇಲೆ ಪೆಟ್ಟಿಗೆಯನ್ನು ಮೊಮ್ಮಗಳ ಎದೆಗೆ ಒತ್ತಿದಳು. "ನೀನು ನಡಿ. ತಿರುಗಿ ನೋಡ್ಬೇಡ."

ಆ ಎರಡು ಮೈಲಿಯನ್ನು ನಾಗವೇಣಿ ಓಡಿದಳು. ಪೆಟ್ಟಿಗೆಯಲ್ಲಿ ನಾವೆಲ್ಲ ಗಲಗಲ ಎನ್ನುತ್ತಿದ್ದೆವು. ಪರೀಕ್ಷೆಯಲ್ಲಿ ವೃತ್ತ ಎಳೆದು, ಹೊರಗಿನ ಬಿಂದುವಿನಿಂದ ಎರಡು ಸ್ಪರ್ಶಕ ಎಳೆಯಲು ಕೇಳಿದ್ದರು. ಓಡಿ ಬಂದ ಏದುಸಿರಿನಲ್ಲೇ ಅವಳು ನನ್ನನ್ನು ಕೈಗೆ ತೆಗೆದುಕೊಂಡಳು. ನನ್ನಿಂದ ಆದದ್ದು ಒಂದೇ. ಮುಳ್ಳು ಊರಿದ ಕಡೆಯಿಂದ ಕದಲದೆ ನಿಂತೆ.

ಸಂಜೆಗೆ ಮುಂಚೆ ಹಿಂತಿರುಗಿದಾಗ ಹುಳದ ಮನೆಯ ಗೋಡೆಯುದ್ದಕ್ಕೂ ಚಂದ್ರಿಕೆಗಳು ನಿಂತಿದ್ದವು. ಒಂದೊಂದರ ಮೇಲೂ ಹುಳುಗಳು ತಲೆಯಾಡಿಸುತ್ತ ನೂಲು ಬಿಡುತ್ತಿದ್ದವು. ಪಿಳ್ಳಮ್ಮ ಕಂಬಕ್ಕೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಬೆರಳುಗಳು ಇನ್ನೂ ಗಾಳಿಯಲ್ಲಿ ಆರಿಸುತ್ತಿದ್ದವು.

"ಬರೆದ್ಯಾ?" ಎಂದ ರವಣಪ್ಪ.

"ಬರೆದೆ ಮಾವ."

"ನಮ್ಮಮ್ಮ ಒಂದು ಹುಳಾನೂ ತಪ್ಪಿಸ್ಲಿಲ್ಲ ಕಣಮ್ಮ," ಎಂದ ಅವನು. ಮುಖ ಬೇರೆ ಕಡೆ ತಿರುಗಿಸಿಕೊಂಡ.

ನಾಗವೇಣಿ ಪಾಸಾದಳು. ಕೋಲಾರದಲ್ಲಿ ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿಗೆ ಹೋಗುವಾಗ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟಳು. ಪಿಳ್ಳಮ್ಮ ನನ್ನನ್ನು ದೇವರ ಗೂಡಿನಲ್ಲಿ, ಗಂಧದ ಕೊರಡಿನ ಪಕ್ಕದಲ್ಲಿ ಇಟ್ಟುಕೊಂಡಳು. ಕೈವಾರದವರೆಗೆ ಬಸ್ಸಿನಲ್ಲಿ ಹೋಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಹುಣ್ಣಿಮೆಯ ದಿನ ಪೆಟ್ಟಿಗೆಯ ಮುಚ್ಚಳಕ್ಕೆ ಹೊಸ ಕುಂಕುಮ ಇಡುತ್ತಿದ್ದಳು. ನಾನು ದೇವರಲ್ಲವೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವಳು ಮಗಳ ವಿಷಯವನ್ನು ಬಾಯಿಬಿಟ್ಟು ಹೇಳುತ್ತಿದ್ದದ್ದು ಆ ಗೂಡಿನ ಮುಂದೆ ಮಾತ್ರ. ಅಮರಮ್ಮ ಚಿಕ್ಕವಳಿದ್ದಾಗ ಹುಳದ ತಟ್ಟೆಯ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದಳಂತೆ. ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಮಳೆಯೆಂದುಕೊಂಡು ಎದ್ದು, ಒಣಗಲು ಹಾಕಿದ ಬಟ್ಟೆ ತೆಗೆಯಲು ಓಡುತ್ತಿದ್ದಳಂತೆ.

ಗೂಡಿನಿಂದ ನನ್ನನ್ನು ಇಳಿಸಿದವನು ರವಣಪ್ಪ. ಅವನ ಮಗಳು ಗಾಯತ್ರಿ ಎಂಟನೆಯ ತರಗತಿಗೆ ಸೇರುವ ವರ್ಷ. ಅಷ್ಟೊತ್ತಿಗೆ ನಾಗವೇಣಿ ಹತ್ತಿರದ ಊರಿನ ಶಾಲೆಯಲ್ಲಿ ಮೇಡಂ ಆಗಿದ್ದಳು. "ಅಂಗಡೀಲಿ ಹೊಸದು ಸಿಗುತ್ತೆ ಮಾವ, ನಾನೇ ತಂದುಕೊಡ್ತೀನಿ," ಎಂದಳು.

"ಸಿಗುತ್ತೆ ಕಣಮ್ಮ. ನಂಗೆ ಇದೇ ಬೇಕು," ಎಂದು ಅವನು ಚಪ್ಪಲಿ ಬಿಟ್ಟು ಬಂದು, ತಾಯಿಯ ಅಪ್ಪಣೆ ಕೇಳಿ, ಎರಡೂ ಕೈಯಿಂದ ನನ್ನನ್ನು ತೆಗೆದುಕೊಂಡ.

ಗಾಯತ್ರಿ ಚುರುಕಿನ ಹುಡುಗಿ. ಅವಳ ಕೈಯಲ್ಲಿ ನಾನು ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ನನ್ನ ತಿರುಪು ಸವೆದದ್ದು ಅಲ್ಲೇ. ಅವಳಿಗೆ ಹೊಸ ಪೆಟ್ಟಿಗೆ ಬಂದ ಮೇಲೆ ನಾಗವೇಣಿ ನನ್ನನ್ನು ತೆಗೆದುಕೊಂಡು, ತಿರುಪಿನ ಸುತ್ತ ರೇಷ್ಮೆ ನೂಲು ಬಿಗಿದು ಇಟ್ಟುಕೊಂಡಳು.

ಪಿಳ್ಳಮ್ಮನ ಕೊನೆಯ ಬೇಸಿಗೆ. ಒಂದು ಭಾನುವಾರ ಮಧ್ಯಾಹ್ನ ನಾಗವೇಣಿ ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಮಕ್ಕಳಿಗಾಗಿ ಚಿತ್ರ ಬರೆಯುತ್ತಿದ್ದಳು.

"ಏನದು ಕರಕರ ಸದ್ದು?" ಎಂದಳು ಮುದುಕಿ.

"ವೃತ್ತ ಎಳೀತಿದೀನವ್ವ."

"ಇಲ್ಲಿ ಕೊಡು. ಇಷ್ಟು ವರ್ಷ ಆಯ್ತು, ಹೆಂಗಿರುತ್ತೋ ನೋಡ್ಲೇ ಇಲ್ಲ."

ನಾಗವೇಣಿ ಹಾಳೆಯನ್ನು ಅವಳ ಕೈಗೆ ಕೊಟ್ಟಳು. ಪಿಳ್ಳಮ್ಮ ತೋರುಬೆರಳಿನಿಂದ ಕಾಗದದ ಮೇಲೆಲ್ಲ ಹುಡುಕಿದಳು. ಗೆರೆ ಅವಳ ಬೆರಳಿಗೆ ಸಿಗಲಿಲ್ಲ. ಹಾಳೆ ಮಗುಚಿ ಹಿಂಬದಿಯಲ್ಲಿ ಹುಡುಕಿದಳು. ಅಲ್ಲಿ ಬೆರಳು ನಿಂತಿತು.

"ಇಲ್ಲೇನೋ ತೂತು ಐತೆ."

"ಅದು ನಡುಮಧ್ಯ ಅವ್ವ. ಕೈವಾರದ ಮುಳ್ಳು ಅಲ್ಲಿ ನಿಂತ್ಕೊಂಡಿರುತ್ತೆ. ಗೆರೆ ಎಲ್ಲಾ ಅದರ ಸುತ್ತಲೇ ಬರೋದು."

"ಚುಚ್ಚಿಯೇ ನಿಲ್ಬೇಕಾ?"

"ಚುಚ್ಚದಿದ್ರೆ ಜಾರಿಹೋಗುತ್ತೆ."

 ಪಿಳ್ಳಮ್ಮ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. "ಅಮರಿ ಇದ್ದಿದ್ರೆ ನಿನ್ನನ್ನ ಹುಳದ ಮನೆಗೇ ಹಾಕ್ಕೊಂಡಿರೋಳು ಅನ್ಕೊಂಡಿದ್ಯಾ?" ಎಂದಳು. "ಇಲ್ಲ. ಅವಳೇ ಕಳಿಸೋಳು. ನಾನು ಮಾಡಿದ್ದು ಅವಳ ಕೆಲಸ." ಹಾಗೇ ಹಾಳೆ ಹಿಡಿದುಕೊಂಡು ನಿದ್ದೆ ಹೋದಳು. ಆ ಮಳೆಗಾಲ ಶುರುವಾಗುವ ಮೊದಲೇ ದೇವರು ಅವಳನ್ನೂ ಕರೆದುಕೊಂಡ. ಹಾಸಿಗೆಯ ಹತ್ತಿರ ನಾಗವೇಣಿ, ರವಣಪ್ಪ, ಗಾಯತ್ರಿ ಎಲ್ಲರೂ ಇದ್ದರು.

ಈಗ ನಾನು ನಾಗವೇಣಿಯ ಶಾಲೆಯ ಬೀರುವಿನ ಮೂಲೆಯಲ್ಲಿದ್ದೇನೆ. ನೂಲು ಸಡಿಲವಾಗಿದೆ, ತುಕ್ಕು ಮೇಲಕ್ಕೇರುತ್ತಿದೆ. ನನ್ನಿಂದ ಇನ್ನು ಯಾವ ವೃತ್ತವೂ ಕೂಡಿ ಬರುವುದಿಲ್ಲ. ಅದಕ್ಕಾಗಿ ದುಃಖವಿಲ್ಲ. ತಗಡಿಗೂ ಮನುಷ್ಯರಿಗೂ ಕೊಟ್ಟ ಆಯುಷ್ಯ ಇಷ್ಟೆಂದು ಇರುತ್ತದೆ, ಅದನ್ನು ಹೆಚ್ಚಿಸು ಎಂದು ನಾನು ಯಾರನ್ನೂ ಬೇಡುವುದಿಲ್ಲ.

ಮುದುಕಿಯ ಕೈಯಲ್ಲಿದ್ದ ಆ ಹಾಳೆಯನ್ನು ನಾಗವೇಣಿ ಮಕ್ಕಳಿಗೆ ಕೊಡಲಿಲ್ಲ. ನಾಲ್ಕಾಗಿ ಮಡಿಸಿ ಈ ಪೆಟ್ಟಿಗೆಯಲ್ಲಿ, ನನ್ನ ಕೆಳಗೆ ಇಟ್ಟಿದ್ದಾಳೆ. ಪೆನ್ಸಿಲಿನ ಗೆರೆ ಉಜ್ಜಿ ಉಜ್ಜಿ ಅಳಿಸಿಹೋಗಿದೆ. ತೂತು ಹಾಗೆಯೇ ಇದೆ.